ಹಂಚು ಇಡದ ದಿನದ ರೊಟ್ಟಿ

ನಾಗರ ಪಂಚಮಿಯ ದಿನ ನಮ್ಮ ಕಡೆ ಒಲೆಯ ಮೇಲೆ ಹಂಚು ಇಡುವುದಿಲ್ಲ. ಹಂಚು ಕಾಯಿಸಿದರೆ ನಾಗಪ್ಪನ ಹೆಡೆ ಸುಟ್ಟ ಹಾಗೆ ಎಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಅವತ್ತು ರೊಟ್ಟಿ ಸುಡುವಂತಿಲ್ಲ, ಏನನ್ನೂ ಹುರಿಯುವಂತಿಲ್ಲ, ಕರಿಯುವಂತಿಲ್ಲ. ನೀರಲ್ಲಿ ಕುದಿಸಿದ್ದು, ಹಬೆಯಲ್ಲಿ ಬೇಯಿಸಿದ್ದು ನಡೆಯುತ್ತದೆ, ಅಷ್ಟೇ. ಆದರೆ ವರ್ಷದಲ್ಲಿ ಎಲ್ಲಕ್ಕಿಂತ ದೊಡ್ಡ ಊಟವೂ ಅವತ್ತೇ. ಕೊಟ್ಟ ಹೆಣ್ಣುಮಕ್ಕಳು, ಅವರ ಮಕ್ಕಳು, ಅವರನ್ನು ಕರೆತರಲು ಹೋದ ಅಣ್ಣತಮ್ಮಂದಿರು ಎಲ್ಲ ಸೇರಿದರೆ ಸುರಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಹಂಚಿಲ್ಲದ ದಿನ ಇಷ್ಟು ಮಂದಿಗೆ ಉಣ್ಣಿಸಬೇಕೆಂದರೆ ಎಲ್ಲವೂ ಮೊದಲೇ ಆಗಿರಬೇಕು.

ಬೇರೆ ಮನೆಗಳಲ್ಲಿ ಮೊದಲೇ ಅಂದರೆ ಹಿಂದಿನ ದಿನ. ಆ ದಿನಕ್ಕೆ ರೊಟ್ಟಿ ಹಬ್ಬ ಅಂತಲೇ ಹೆಸರು. ಬೆಳಕು ಹರಿಯುವ ಮುಂಚೆ ಶುರುವಾದ ರೊಟ್ಟಿ ಬಡಿಯುವ ಸಪ್ಪಳ ದೀಪ ಹಚ್ಚುವ ತನಕ ಓಣಿಯಲ್ಲಿ ನಿಲ್ಲುತ್ತಿರಲಿಲ್ಲ. ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ತುಂಬಿದ ಬದನೆಕಾಯಿ, ಮಡಿಕೆಕಾಳು, ಪುಂಡಿಪಲ್ಲೆ. ಸಂಜೆಗೆ ಈ ಮನೆಯ ರೊಟ್ಟಿ ಆ ಮನೆಗೆ, ಆ ಮನೆಯದು ಈ ಮನೆಗೆ. ಅಷ್ಟರಲ್ಲಿ ಹೆಂಗಸರ ಕಣ್ಣು ಹೊಗೆಗೆ ಕೆಂಪಾಗಿ, ಮಕ್ಕಳಿಗೆ ಒಂದೆರಡು ಏಟು ಬಿದ್ದು, ಅತ್ತೆ ಸೊಸೆಯರ ನಡುವೆ ಮಾತು ನಿಂತುಹೋಗಿರುತ್ತಿತ್ತು.

ನಮ್ಮ ಮನೆಯಲ್ಲಿ ಹಾಗಿರಲಿಲ್ಲ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹಬ್ಬಕ್ಕೆ ಹದಿನೈದು ದಿನ ಇರುವಾಗಲೇ ಕೆಲಸ ಹಿಡಿಯುತ್ತಿದ್ದಳು. ಎಷ್ಟು ನಿಧಾನವಾಗಿ ಹಿಡಿಯುತ್ತಿದ್ದಳೆಂದರೆ ಅದು ಹಬ್ಬದ ಕೆಲಸ ಅಂತ ಅನ್ನಿಸುತ್ತಲೇ ಇರಲಿಲ್ಲ. ರೊಟ್ಟಿ ಹಬ್ಬದ ದಿನ ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ ನೋಡುತ್ತಿದ್ದಳು.

“ಅಲ್ರಿ ಅತ್ತಿ, ನಿಮ್ಮ ಮನ್ಯಾಗ ಹಬ್ಬ ಐತೋ ಇಲ್ಲೋ? ಒಂದ ಸಪ್ಪಳ ಇಲ್ಲ!”

“ನಿಮ್ಮ ಮನ್ಯಾಗಿಂದ ಬರಾಕತ್ತೈತಲ್ಲ, ಅದಽ ಎರಡೂ ಮನಿಗೆ ಸಾಕು,” ಅನ್ನುತ್ತಿದ್ದಳು ಆಯಿ.

ಹಬ್ಬ ಮಾಡಿದರೆ ಆಕೆಯ ಹಾಗೆ ಮಾಡಬೇಕು, ಗಡಿಬಿಡಿ ಇಲ್ಲ, ಹೈರಾಣಿಲ್ಲ ಎಂದು ಓಣಿಯೆಲ್ಲ ಹೊಗಳುತ್ತಿತ್ತು. ಹೊಸ ಸೊಸೆಯರನ್ನು ನೋಡಿ ಕಲಿಯಲಿ ಅಂತ ಕಳಿಸುತ್ತಿದ್ದರು. ಆಯಿ ಎಲ್ಲರಿಗೂ ಕಲಿಸುತ್ತಿದ್ದಳು. ಯಾಕೆ ಹೀಗೆ ಮಾಡುತ್ತೇನೆ ಅನ್ನುವುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ನಾನು ಕಣ್ಣಾರೆ ಕಂಡಿದ್ದೆ, ಆದ್ದರಿಂದ ನನಗೆ ಗೊತ್ತಿತ್ತು. ಅಥವಾ ಗೊತ್ತಿದೆ ಅಂದುಕೊಂಡಿದ್ದೆ.

ನನಗಾಗ ಎಂಟು ವರ್ಷ. ಅದು ನಿಜಾಮರ ಆಳ್ವಿಕೆಯ ಕೊನೆಯ ಪಂಚಮಿ, ಆದರೆ ಕೊನೆಯದು ಅಂತ ಆಗ ಯಾರಿಗೆ ಗೊತ್ತಿತ್ತು? ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷವಾಗುತ್ತ ಬಂದಿತ್ತು, ನಮಗೆ ಬಂದಿರಲಿಲ್ಲ. ನಿಜಾಮರ ಪರದ ಕುದುರೆ ಸವಾರರು ಹಗಲಲ್ಲೇ ಹಳ್ಳಿ ಹೊಕ್ಕು ಹೋದರಂತೆ, ಇಂಥವರನ್ನು ಎಳೆದೊಯ್ದರಂತೆ ಎಂಬ ಸುದ್ದಿ ದಿನಾ ಬರುತ್ತಿತ್ತು. ಸುರಪುರದಿಂದ ಪಶ್ಚಿಮಕ್ಕೆ ಹುಣಸಗಿ ದಾಟಿ ಮುಂದೆ ಹೋದರೆ ಗಡಿ. ಗಡಿಯಾಚೆ ಮುಂಬಯಿ ಸೀಮೆ. ಹೆದರಿದವರು ಬುತ್ತಿ ಕಟ್ಟಿಕೊಂಡು ಅತ್ತ ನಡೆಯುತ್ತಿದ್ದರು.

ನಮ್ಮ ಮನೆಗೆ ಬೀಸಲು ಬರುವ ಹೆಣ್ಣುಮಗಳೊಬ್ಬಳಿದ್ದಳು. ಹೊಳೆದಂಡೆಯಿಂದ ಬಂದು ಊರ ಕೆಳಗಿನ ಓಣಿಯಲ್ಲಿ ನೆಲೆಸಿದ ಅಂಬಿಗರವಳು. ಗಂಡ ಮೀನು ಹಿಡಿಯುತ್ತಿದ್ದ, ಹರಗೋಲು ಹಾಕುತ್ತಿದ್ದ. ಪ್ರತಿ ಹಬ್ಬಕ್ಕೂ ಅವಳು ನಾಲ್ಕು ದಿನ ಮೊದಲು ಬಂದು ಪಡಸಾಲೆಯ ಬೀಸುಕಲ್ಲಿನ ಮುಂದೆ ಕಾಲು ಚಾಚಿ ಕುಳಿತರೆ ಹಿಟ್ಟಿನ ರಾಶಿ ಬೀಳುತ್ತಿತ್ತು. ಬೀಸುತ್ತ ಹಾಡುತ್ತಿದ್ದಳು, ಪದ ಮರೆತರೆ ತಾನೇ ಕಟ್ಟಿ ಸೇರಿಸುತ್ತಿದ್ದಳು, ಅದರಲ್ಲಿ ನಮ್ಮ ಮುತ್ಯಾನ ಜಿಪುಣತನವೂ ಬರುತ್ತಿತ್ತು. ಮುತ್ಯಾ, ಅಂದರೆ ಅಜ್ಜ, ಕಿರಾಣಿ ಅಂಗಡಿ ಇಟ್ಟವನು. ಕೇಳಿಯೂ ಕೇಳದವನ ಹಾಗೆ ಎದ್ದು ಹೋಗುತ್ತಿದ್ದ. ಅವಳ ಜಾಗ ಬೀಸುಕಲ್ಲಿನ ತನಕ. ಅದರಾಚೆ ಒಳಮನೆಗೆ ಅವಳು ಎಂದೂ ಬಂದವಳಲ್ಲ. ಬರಬೇಡ ಅಂತ ಯಾರೂ ಹೇಳಿರಲಿಲ್ಲ. ಬಾ ಅಂತಲೂ ಹೇಳಿರಲಿಲ್ಲ.

ಆ ವರ್ಷ ಅವಳು ಬೀಸಲು ಬರಲಿಲ್ಲ. ಅವಳ ಗಂಡ ಗಡಿಗೆ ಹೋಗುವವರನ್ನು ಹೊಳೆ ದಾಟಿಸುತ್ತಾನೆ ಎಂಬ ಮಾತು ಹಬ್ಬಿ, ಸವಾರರು ಅವನನ್ನು ಹುಡುಕುತ್ತಿದ್ದರು. ಅವ್ವ, ಆಯಿ ತಾವೇ ಬೀಸಿಕೊಂಡರು. ಹಿಟ್ಟು ಕಡಿಮೆಯಾಯಿತು. ರೊಟ್ಟಿ ಹಬ್ಬದ ದಿನ ಓಣಿಗೆ ಕೊಟ್ಟು, ನಾವು ಉಂಡು, ಪಂಚಮಿ ಮುಂಜಾನೆಗೆ ಬುಟ್ಟಿ ಖಾಲಿ.

ಪಂಚಮಿ ದಿನ ಮುತ್ಯಾನ ಹುಕುಂ ಆಗಿತ್ತು. “ಯಾರ ಬಂದ್ರೂ ಬಾಗಲಾ ತಗೀಬ್ಯಾಡ್ರಿ. ಯಾರಂದ್ರ ಯಾರೂ.” ಹುತ್ತಕ್ಕೂ ಹೋಗಲಿಲ್ಲ, ಮನೆಯಲ್ಲೇ ಮಣ್ಣಿನ ನಾಗಪ್ಪನಿಗೆ ಹಾಲೆರೆದರು. ಊರ ಹುಣಸೆ ಮರಕ್ಕೆ ಕಟ್ಟುವ ಜೋಕಾಲಿಯನ್ನು ಆ ವರ್ಷ ಅಂಗಳದ ತೊಲೆಗೆ ಕಟ್ಟಿದ್ದರು. ಅದರ ಮೇಲೆ ನಾನು.

ನೆತ್ತಿಯ ಮೇಲೆ ಬಿಸಿಲು ಬಂದ ಹೊತ್ತು. ಬಾಗಿಲಾಚೆಯಿಂದ ಸಣ್ಣ ದನಿ.

“ಅವ್ವಾರ... ಅವ್ವಾರ...”

ನಮ್ಮ ದೊಡ್ಡ ಬಾಗಿಲಿನಲ್ಲಿ ಒಬ್ಬರು ಬಗ್ಗಿ ಬರುವಷ್ಟು ಸಣ್ಣದೊಂದು ಬಾಗಿಲಿತ್ತು, ಅದಕ್ಕೆ ದಿಡ್ಡಿ ಅನ್ನುತ್ತಿದ್ದೆವು. ಆಯಿ ದಿಡ್ಡಿಯನ್ನು ಒಂದು ಗೇಣು ತೆರೆದಳು.

“ಏನ ತಂಗಿ, ಈ ಹೊತ್ತಿನ್ಯಾಗ?”

“ಊರ ಬಿಡಾಕತ್ತೇವ್ರಿ ಅವ್ವಾರ. ಹತ್ತು ರೊಟ್ಟಿ ಬಡಕೊಡ್ರಿ.”

“ಇವತ್ತ ಪಂಚಮಿ ಅಲ್ಲೇನ? ಹಂಚ ಇಡೂ ಹಂಗಿಲ್ಲ. ನಿನಗ ಗೊತ್ತಿಲ್ಲೇನು?”

“ಗೊತ್ತೈತ್ರಿ.”

“ಬುಟ್ಯಾಗ ನೋಡಿದ್ರ ಒಂದೂ ಉಳಿದಿಲ್ಲ. ನಾಳಿ ಮುಂಜಾನಿ ಬಾ. ಎದ್ದ ಕೂಡ್ಲೆ ಬಿಸಿಬಿಸಿ ಬಡಕೊಡ್ತೀನಿ.”

ಆಯಿ ಒಳಗೆ ಹೋಗಿ ಶೇಂಗಾ ಉಂಡಿ, ಎಳ್ಳುಂಡಿ ಒಂದು ಬೊಗಸೆ ತಂದಳು. ಜೋಕಾಲಿಯ ಮೇಲಿಂದ ನನಗೆ ಕಂಡದ್ದು ಒಂದು ಕೈ. ಹಸಿರು ಬಳೆಯ ಕೈ. ಅದು ಉಂಡಿ ಇಸಿದುಕೊಂಡಿತು, ಆದರೆ ಹಿಂದಕ್ಕೆ ಹೋಗಲಿಲ್ಲ. ಇನ್ನೂ ಏನನ್ನೋ ಇಸಿದುಕೊಳ್ಳುವುದಿದೆ ಅನ್ನುವಂತೆ ದಿಡ್ಡಿಯ ಒಳಗೇ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಮೇಲೆ ಹೋಯಿತು. ಆಯಿ ಚಿಲಕ ಹಾಕಿದಳು. ನಾನು ಮತ್ತೆ ಜೋಕಾಲಿ ಜೀಕಿದೆ. ಎಷ್ಟೋ ಹೊತ್ತಿಗೆ ಕೆಳಗಿನ ಓಣಿಯ ಕಡೆಯಿಂದ ಕುದುರೆಗಳ ಸಪ್ಪಳ ಬಂತು, ನಮ್ಮ ಬಾಗಿಲ ಮುಂದೆ ಹಾಯ್ದು ಹೋಯಿತು.

ಮರುದಿನ ಕೋಳಿ ಕೂಗುವ ಮುಂಚೆ ಆಯಿ ಹಂಚು ಇಟ್ಟಳು. ಇಪ್ಪತ್ತು ರೊಟ್ಟಿ ಬಡಿದು ಬಟ್ಟೆಯಲ್ಲಿ ಕಟ್ಟಿ ದಿಡ್ಡಿಯ ಹತ್ತಿರ ಇಟ್ಟುಕೊಂಡು ಕುಳಿತಳು. ಯಾರೂ ಬರಲಿಲ್ಲ. ಹೊತ್ತೇರಿದ ಮೇಲೆ ಅಪ್ಪ ಕೆಳಗಿನ ಓಣಿಗೆ ಹೋಗಿ ಬಂದ. ಅವಳ ಗುಡಿಸಲ ಬಾಗಿಲು ತೆರೆದಿತ್ತಂತೆ, ಒಲೆ ತಣ್ಣಗಿತ್ತಂತೆ, ಗಡಿಗೆ ಒಡೆದು ಬಿದ್ದಿದ್ದವಂತೆ. ಅವಳು, ಗಂಡ, ಎರಡು ಹೆಣ್ಣು ಕೂಸು, ಯಾರೂ ಇರಲಿಲ್ಲ.

ಮುಂದಿನ ತಿಂಗಳು ಹಿಂದುಸ್ತಾನದ ಫೌಜು ಬಂತು. ನಾಲ್ಕೈದು ದಿನದಲ್ಲಿ ನಿಜಾಮರ ಸರಕಾರ ಮುಗಿಯಿತು. ಕಚೇರಿಯ ಮೇಲೆ ಬೇರೆ ನಿಶಾನೆ ಏರಿತು, ಮುತ್ಯಾ ಅಂಗಡಿ ಮುಂದೆ ಸಕ್ಕರೆ ಹಂಚಿದ, ಅದನ್ನು ಊರು ಬಹಳ ದಿನ ಆಡಿಕೊಂಡಿತು. ಗಡಿಯಾಚೆ ಹೋದವರು ಒಬ್ಬೊಬ್ಬರೇ ತಿರುಗಿ ಬಂದು ಮನೆಗೆ ಸುಣ್ಣ ಬಳಿದುಕೊಂಡರು. ಅವಳು ಬರಲಿಲ್ಲ. ತುಂಬಿದ ಹೊಳೆಯಲ್ಲಿ ಹರಗೋಲು ಮಗುಚಿತು ಅಂದರು ಕೆಲವರು. ಸವಾರರ ಕೈಗೆ ಸಿಕ್ಕರು ಅಂದರು ಇನ್ನು ಕೆಲವರು. ಕಂಡವರು ಯಾರೂ ಇರಲಿಲ್ಲ. ಯಾರು ಏನು ಹೇಳಿದರೂ ಆಯಿ ಕೇಳುತ್ತಿದ್ದದ್ದು ಒಂದೇ ಮಾತು: “ಹಸಗೊಂಡಽ ಹೋದ್ರೇನು?”

ಮರುವರ್ಷದಿಂದ ಆಯಿಯ ಹದಿನೈದು ದಿನಗಳು ಶುರುವಾದವು.

ಆಕೆ ಮಾಡುತ್ತಿದ್ದ ಬಗೆ ಇವತ್ತಿಗೂ ನನ್ನ ಕೈಯಲ್ಲಿದೆ. ದಿನಕ್ಕೆ ಒಂದೇ ಕೆಲಸ. ಮೊದಲು ಹಿಂಡಿಗಳು: ಶೇಂಗಾ, ಅಗಸಿ, ಗುರೆಳ್ಳು ಹುರಿದು ಕುಟ್ಟಿದ ಪುಡಿ. ಅವು ತಿಂಗಳಾದರೂ ಕೆಡುವುದಿಲ್ಲ, ಆದ್ದರಿಂದ ಮೊದಲು. ಆಮೇಲೆ ಖಡಕ್ ರೊಟ್ಟಿ. ಹಿಟ್ಟನ್ನು ಬಿಸಿನೀರಲ್ಲಿ ನಾದಿ, ಕಾಗದದಷ್ಟು ತೆಳ್ಳಗೆ ಬಡಿದು, ಬೇಯಿಸಿ, ಒಲೆಯ ಸುತ್ತ ಗೋಡೆ ಕಟ್ಟಿದ ಹಾಗೆ ನಿಲ್ಲಿಸಬೇಕು. ಒಲೆಯ ಕಾವಿಗೆ ಅವು ನಿಧಾನಕ್ಕೆ ಒಣಗಿ ಹಪ್ಪಳವಾಗುತ್ತವೆ. ಪೂರಾ ತಣ್ಣಗಾಗುವ ತನಕ ಒಂದರ ಮೇಲೊಂದು ಇಡಬಾರದು. ಇಟ್ಟರೆ ಬೆವತು, ಮೂರನೇ ದಿನಕ್ಕೆ ಬೂಸು ಹಿಡಿಯುತ್ತವೆ. ಬುಟ್ಟಿಗೆ ಬಟ್ಟೆ ಹಾಸಿ, ಜೋಡಿಸಿ, ತೊಲೆಗೆ ನೇತು ಹಾಕಬೇಕು. ಉಂಡಿ ಕೊನೆಗೆ. “ಮಳಿಗಾಲಕ್ಕ ಬೆಲ್ಲ ಬೆವರತೈತಿ,” ಅನ್ನುತ್ತಿದ್ದಳು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೂ ಆಕೆ ಗಿರಣಿ ಹಿಟ್ಟನ್ನು ನಂಬಲಿಲ್ಲ. ತಂದ ಕೂಡಲೇ ಬಟ್ಟೆಯ ಮೇಲೆ ಹರಡಿ, ಕೂಸಿಗೆ ಜ್ವರ ನೋಡಿದ ಹಾಗೆ ಅಂಗೈ ಹಿಂದುಮುಂದು ಮಾಡಿ ಮುಟ್ಟಿ ನೋಡುತ್ತಿದ್ದಳು.

ರೊಟ್ಟಿ ಹಬ್ಬಕ್ಕೆ ಪಲ್ಲೆ ಮಾತ್ರ ಮಾಡುವುದಿರುತ್ತಿತ್ತು. ಪಂಚಮಿ ಮುಂಜಾನೆ ಹಬೆಯಲ್ಲಿ ಕಡಬು, ಒಂದು ಅನ್ನ, ಒಂದು ಸಾರು. ಬಿಸಿಲು ನೆತ್ತಿಗೆ ಬರುವುದರೊಳಗೆ ಎಲ್ಲ ಮುಗಿದಿರಲೇಬೇಕು. ಆ ಹೊತ್ತಿಗೆ ಆಯಿಯ ಕೈಯಲ್ಲಿ ಯಾವ ಕೆಲಸವೂ ಇರಬಾರದು. ಕೈ ತೊಳೆದು, ಸೆರಗಿಗೆ ಒರೆಸಿ, ಬುಟ್ಟಿಯಿಂದ ರೊಟ್ಟಿ ಇಳಿಸಿ ಬಿಳಿ ಬಟ್ಟೆಯಲ್ಲಿ ಕಟ್ಟಿ, ದಿಡ್ಡಿಯ ಚಿಲಕ ತೆಗೆದು, ಪಕ್ಕದಲ್ಲಿ ಕೂತುಬಿಡುತ್ತಿದ್ದಳು. ನೆರಳು ಪೂರ್ವಕ್ಕೆ ಜರುಗುವ ತನಕ ಏಳುತ್ತಿರಲಿಲ್ಲ.

ಹಬ್ಬದ ನಿರಾಳ ಅಂತ ಓಣಿ ಹೊಗಳುತ್ತಿದ್ದದ್ದು ಇದನ್ನೇ.

ಮುದನಾಳಕ್ಕೆ ಕೊಟ್ಟ ನಮ್ಮ ಸೋದರತ್ತೆಗೆ ಆಯಿ ಹೀಗೆ ಕೂರುವುದನ್ನು ಕಂಡು ಸಾಕಾಗುತ್ತಿತ್ತು. “ಯವ್ವಾ, ಹುಡುಗರು ಹಸದಾವು. ಫೌಜಿಗೆ ಆಗೂವಷ್ಟು ಮಾಡಿಟ್ಟೀದಿ, ನಮಗ ಒಂದ ಎಲಿ ಹಾಕೂದಿಲ್ಲೇನು?”

“ನೀವು ಉಣ್ರಿ. ನಾ ಏನ ನಿಮ್ಮ ಕೈ ಹಿಡದೀನೇನು?”

“ನೀ ಬಾಗಲದಾಗ ಕುಂತರ ನಮಗ ತುತ್ತು ಇಳೀತೈ‌ತೇನು?”

ಯಾರೂ ಉಣ್ಣುತ್ತಿರಲಿಲ್ಲ. ಮುತ್ಯಾ ಮಾತ್ರ ಆ ಹೊತ್ತಿಗೆ ಸರಿಯಾಗಿ ಅಂಗಡಿಗೆ ಹೋಗಿಬಿಡುತ್ತಿದ್ದ. ಹಬ್ಬದ ದಿನ ಅಂಗಡಿ ಬಂದ್. ಮುಚ್ಚಿದ ಅಂಗಡಿಯೊಳಗೆ ಒಬ್ಬನೇ ಕತ್ತಲಲ್ಲಿ ಕೂತಿರುತ್ತಿದ್ದನಂತೆ. ಬಾಗಿಲು ತೆಗೆಯಬೇಡಿ ಎಂದ ಮಾತನ್ನು ಅವನೂ ಎತ್ತಲಿಲ್ಲ, ಆಯಿಯೂ ಎತ್ತಲಿಲ್ಲ.

ಒಂದು ವರ್ಷ ಹೊರಗೆ ಏನೋ ಸದ್ದಾಯಿತೆಂದು ಆಯಿ ಗಡಬಡಿಸಿ ದಿಡ್ಡಿ ತೆರೆದರೆ ಬಳೆಗಾರ. ಹಬ್ಬದ ವ್ಯಾಪಾರ ಮುಗಿಸಿ ಶಹಾಪುರಕ್ಕೆ ಹೊರಟವನು, ನೆರಳಿಗೆ ನಿಂತಿದ್ದ. ಆಯಿ ಆ ಗಂಟನ್ನು ಅವನ ಕೈಗೆ ತುರುಕಿದಳು. “ಇಷ್ಟು ಯಾರ್ ತಿನಬೇಕ್ರಿ ಅವ್ವಾರ? ಬಳಿ ಹೊರಲ್ಯೋ, ರೊಟ್ಟಿ ಹೊರಲ್ಯೋ?” ಅಂತ ಅವನು ನಕ್ಕ. ನಾವೂ ನಕ್ಕೆವು. ಆಯಿಯೂ ನಕ್ಕಳು. ಅವನು ಹೋದ ಮೇಲೆ ಮತ್ತೆ ಬುಟ್ಟಿ ಇಳಿಸಿ ಇನ್ನೊಂದು ಗಂಟು ಕಟ್ಟಿ, ಅದೇ ಜಾಗದಲ್ಲಿ ಕುಳಿತಳು.

ಹುತ್ತಕ್ಕೆ ಹಾಲೆರೆಯುವಾಗ ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ಪಾಲು ಹಾಕುವುದು ರೂಢಿ. ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಅಂತ. ಆಯಿ ಎಲ್ಲರದೂ ಗಟ್ಟಿಯಾಗಿ ಹೇಳಿ, ಕೊನೆಯ ಒಂದು ಪಾಲಿಗೆ ತುಟಿ ಮಾತ್ರ ಆಡಿಸುತ್ತಿದ್ದಳು. ನಾನು ಸ್ವಲ್ಪ ದೊಡ್ಡವಳಾದ ಮೇಲೆ ಒಮ್ಮೆ, ಆಕೆ ದಿಡ್ಡಿಯ ಬಳಿಯಿಂದ ಎದ್ದು ಬರುವಾಗ ಕೇಳಿದೆ.

“ಆಯಿ, ದಿಡ್ಡಿ ಹತ್ರ ಏನ ಕೇಳಸ್ಕೋಂತ ಕುಂದರತೀ?”

“ಕರೀತಾಳ. ಪ್ರತಿ ವರ್ಷ ಕರೀತಾಳ.”

“ಮತ್ತ ಬಾಗಲಾ ತಗ್ಯಾಕ ಹೋಗೂದಿಲ್ಲ?”

“ಮೊದಲ ಎರಡ ವರ್ಷ ತಗದ್ನಿ. ಬಿಸಲ ಬಿಟ್ರ ಏನೂ ಇರಲಿಲ್ಲ. ಎರಡ ಸಲ ಕರೀತಾಳ ನೋಡು, ಮೂರನೇ ಸಲ ಕರಿಯೂದಿಲ್ಲ. ಮೂರನೇ ಸಲ ಕರದ್ರ ತಗೀತೀನಿ.”

ಅದನ್ನು ಆಕೆ ಎಣ್ಣೆ ತೀರಿದೆ, ಉಪ್ಪು ತೀರಿದೆ ಅನ್ನುವ ದನಿಯಲ್ಲಿ ಹೇಳಿದಳು. ಅಲ್ಲಿಂದ ಮುಂದೆ ಪಂಚಮಿಯ ಮಧ್ಯಾಹ್ನ ನನಗೂ ದಿಡ್ಡಿಯ ಕಡೆ ನೋಡಲು ಆಗುತ್ತಿರಲಿಲ್ಲ. ನೋಡಿದರೆ ಆ ಹಸಿರು ಬಳೆಯ ಕೈ ಇನ್ನೂ ಅಲ್ಲೇ ಚಾಚಿಕೊಂಡು ಇದೆ ಅನ್ನಿಸುತ್ತಿತ್ತು.

ವರ್ಷಗಳು ಹೋದವು. ಕನ್ನಡ ನಾಡು ಒಂದಾಯಿತು. ಹೆದರಿದವರು ಬುತ್ತಿ ಕಟ್ಟಿಕೊಂಡು ದಾಟಿ ಹೋದ ಆ ಗಡಿ ಈಗ ಎಲ್ಲಿತ್ತು ಅಂತ ಹುಡುಕಿದರೂ ಸಿಗುವಂತಿರಲಿಲ್ಲ. ತಾಳಿಕೋಟಿಯಿಂದ ಹುಣಸಗಿ, ಹುಣಸಗಿಯಿಂದ ಸುರಪುರ ಅಂತ ಮೋಟಾರು ಓಡಾಡತೊಡಗಿತು. ಅದರ ಮರುವರ್ಷದ ಪಂಚಮಿ. ನನ್ನನ್ನು ಶಹಾಪುರಕ್ಕೆ ಕೊಟ್ಟಿದ್ದರು. ಮದುವೆಯಾದ ಮೇಲಿನ ಮೊದಲ ಪಂಚಮಿಗೆ ತವರಿಗೆ ಬಂದಿದ್ದೆ. ಆಯಿಯ ಬೆನ್ನು ಬಾಗಿತ್ತು, ಆದರೂ ಹದಿನೈದು ದಿನದ ಕೆಲಸ ಬಿಟ್ಟಿರಲಿಲ್ಲ. ಬುಟ್ಟಿ ತುಂಬಿತ್ತು. ಮಧ್ಯಾಹ್ನ ಗಂಟು ಕಟ್ಟಿಕೊಂಡು ದಿಡ್ಡಿಯ ಬಳಿ ಕುಳಿತಿದ್ದಳು.

“ಅವ್ವಾರ... ಅವ್ವಾರ...”

ನಾನು ಎಲೆ ಒರೆಸುತ್ತಿದ್ದವಳು ಕೈ ನಿಲ್ಲಿಸಿದೆ. ಸೋದರತ್ತೆಯೂ ತಲೆ ಎತ್ತಿದಳು. ಆಯಿ ಕೂತಲ್ಲಿಂದ ಅಲ್ಲಾಡಲಿಲ್ಲ. ಗಂಟಿನ ಮೇಲೆ ಕೈ ಇಟ್ಟುಕೊಂಡು ಪ್ರತಿ ವರ್ಷದ ಹಾಗೆಯೇ ನೆಲ ನೋಡುತ್ತಿದ್ದಳು.

“ಆಯಿ,” ಅಂದೆ, “ಖರೇನ ಯಾರೋ ಕರ್ಯಾಕತ್ತಾರ.”

“ನಿನಗೂ ಕೇಳಿಸ್ತೇನು?”

ಹೋಗಿ ದಿಡ್ಡಿ ತೆಗೆದವಳು ನಾನು. ಕೂದಲು ಅರ್ಧ ನರೆತ ಹೆಂಗಸು, ಕೈ ಹಿಡಿದುಕೊಂಡು ಹನ್ನೊಂದು ಹನ್ನೆರಡರ ಹುಡುಗಿ. ಆಯಿ ಗೋಡೆ ಹಿಡಿದು ಎದ್ದು ಬಂದು ಅವಳ ಮುಖ ನೋಡಿದಳು, ಬಹಳ ಹೊತ್ತು.

“ಗುರ್ತ ಸಿಗ್ತೇನ್ರಿ ಅವ್ವಾರ?”

“ಜೀವಂತ ಅದಿಯೇನ ತಂಗಿ?”

“ಅದೇನಿ ನೋಡ್ರಿ. ಬೇಕಾರ ಚಿವುಟಿ ನೋಡ್ರಿ.”

ಆಯಿ ನಿಜವಾಗಿಯೂ ಅವಳ ಮೊಣಕೈ ಹಿಡಿದು ನೋಡಿದಳು. ಆಮೇಲೆ ಹುಡುಗಿಯನ್ನು ನೋಡಿದಳು, ಆಮೇಲೆ ಅವಳ ಹಿಂದೆ ಇನ್ಯಾರಾದರೂ ಇದ್ದಾರೋ ಅಂತ ಓಣಿಯ ಉದ್ದಕ್ಕೂ ನೋಡಿದಳು. ಕೇಳುವ ಧೈರ್ಯ ಬರಲಿಲ್ಲ ಅಂತ ಕಾಣುತ್ತದೆ, ನಾನೇ ಕೇಳಿದೆ.

“ಇಬ್ಬರು ಹುಡುಗೇರಿದ್ರಲ್ಲ ನಿಮಗ?”

“ದೊಡ್ಡಾಕಿನ್ನ ತಾಳಿಕೋಟಿ ಕಡೆ ಕೊಟ್ಟೇವ್ರಿ. ಹ್ವಾದ ವರ್ಷ ಗಂಡಮಗ ಹುಟ್ಟ್ಯಾನ.”

“ಮನಿಯವ್ರು?”

“ಅವರಿಗೇನಾಗೈತ್ರಿ? ಹೊಳಿ ಬಿಟ್ಟು ಮನಿ ಕಡೆ ಲಕ್ಷ್ಯ ಎಲ್ಲೈತಿ. ಮೀನಾ ಆಗಿ ಹುಟ್ಟಬೇಕಾಗಿತ್ತು, ತಪ್ಪಿ ಮನಷ್ಯಾ ಆಗ್ಯಾರ.”

ಎಲ್ಲರೂ ಬದುಕಿದ್ದರು! ಆಚೆ ಕೂಲಿ ಸಿಕ್ಕಿತು, ಹೊಳೆ ಸಿಕ್ಕಿತು, ಅಲ್ಲೇ ಉಳಿದೆವು ಅಂದಳು. ಈಗ ಅವಳ ಅಣ್ಣ ಪಂಚಮಿಗೆ ಅಂತ ತಡವಾಗಿ ಕರೆಯಲು ಬಂದು, ಭೀಮಾ ದಂಡೆಯ ತವರಿಗೆ ಹೊರಟಿದ್ದರಂತೆ. ಸುರಪುರದಲ್ಲಿ ಮೋಟಾರು ಬದಲಿಸಬೇಕು, ಇನ್ನೂ ಹೊತ್ತಿದೆ, ಕಂಡು ಹೋಗೋಣ ಅಂತ ಬಂದಿದ್ದಳು. ಆಯಿಯ ಮುಖದ ಗಂಟುಗಳು ಒಂದೊಂದೇ ಬಿಚ್ಚುವುದನ್ನು ನಾನು ಕಂಡೆ. ಇಷ್ಟು ವರ್ಷದ್ದು ಇವತ್ತು ಮುಗಿಯಿತು ಅಂದುಕೊಂಡೆ.

ಆಯಿ ಗಂಟನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಮುಂದೆ ಹಿಡಿದಳು.

“ತಗೋ ತಂಗಿ. ಅವತ್ತ ಹತ್ತು ರೊಟ್ಟಿ ಕೇಳಿದ್ದಿ. ಇಲ್ಲಂದ್ನಿ ನಾ. ಆವತ್ತಿಂದ ಪ್ರತಿ ಪಂಚಮಿಗೂ ಕಟಗೊಂಡು ಕುಂದರತೀನಿ.”

ಅವಳು ಗಂಟನ್ನು ನೋಡಿದಳು, ಆಯಿಯನ್ನು ನೋಡಿದಳು. ಅವಳಿಗೆ ತಿಳಿಯಲಿಲ್ಲ.

“ರೊಟ್ಟಿ ನಮ್ಮ ಹಂತ್ಯಾಕ ಇದ್ದೂವಲ್ರಿ ಅವ್ವಾರ. ಎರಡ ದಿನದ ಬುತ್ತಿ ಬೆನ್ನಿಗಿ ಕಟಗೊಂಡಽ ಬಂದಿದ್ನಿ.”

“ಮತ್ತ ಬಡಕೊಡ್ರಿ ಅಂದೀ?”

“ಹೌದ್ರಿ, ಅಂದ್ನಿ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಸವಾರರು ಕೆಳಗಿನ ಓಣಿಗೆ ಬಂದಿದ್ರು. ಇವರು ಹೊತ್ತ ಮುಣಗಿದ ಮ್ಯಾಲ ಹೊಳಿ ಹತ್ರ ಬಾ ಅಂದಿದ್ರು. ಅಲ್ಲೀತನಕ ಹುಡುಗೇರನ್ನ ಕಟಗೊಂಡು ಎಲ್ಲಿ ಇರ್ಲಿ? ಒಳಗ ಕುಂಡರಸ್ಕೋರಿ ಅನ್ನಬೇಕಂತಽ ಬಂದ್ನಿ. ನಾಲಗಿ ಹೊಳ್ಳಲಿಲ್ರಿ. ಎಂದೂ ಒಳಗ ಬಂದಾಕಿ ಅಲ್ಲಲ್ಲ. ರೊಟ್ಟಿ ಅಂದ್ರ, ಬಡಿಯೂ ತನಕ ಕುಂಡರು ಅಂತೀರಿ ಅನಕೊಂಡ್ನಿ.”

ಆಯಿಯ ಕೈಯಲ್ಲಿ ಗಂಟು ಹಾಗೆಯೇ ಇತ್ತು.

“ಮತ್ತ ಎಲ್ಲಿದ್ರಿ, ಹೊತ್ತ ಮುಣಗೂ ತನಕ?” ಅಂದಳು ನಮ್ಮ ಅತ್ತೆ.

“ಇಲ್ಲೇ ಇದ್ವಿರಿ. ನಿಮ್ಮ ಹಿತ್ತಲ ಗ್ವಾಡಿ ಆಚೆ ಬಾವಿ ಐತಲ್ಲ, ಅದರ ಪಾವಟಿಗಿ ಮ್ಯಾಲ. ಸಣ್ಣಾಕಿ ಅಳಬಾರದಂತ ನೀವು ಕೊಟ್ಟ ಉಂಡಿ ಬಾಯಾಗ ಇಟ್ಟು ಕೈ ಮುಚ್ಚಿ ಹಿಡದಿದ್ನಿ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಾರಿಯ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದಳು. “ಒಳಗ ಜೋಕಾಲಿ ಕಿರಗುಡೂದು ಕೇಳಸ್ತಿತ್ತು. ಒಂದ ಹುಡುಗಿ ನಗೂದು ಕೇಳಸ್ತಿತ್ತು. ಕುದುರಿ ಹಾಯ್ದ ಹೋದಾಗ ಅದೂ ನಿಂತಿತ್ತು, ಆಮ್ಯಾಲ ಮತ್ತ ಸುರು ಆತು.”

ನನ್ನ ಕಡೆ ತಿರುಗಿದಳು. “ನೀವಽ ಏನ್ರಿ ಅದು?”

ಹೂಂ ಅಂತ ತಲೆಯಾಡಿಸಿದೆ.

“ಒಳಗ ಬಾ ತಂಗಿ,” ಅಂದಳು ಆಯಿ. “ಎಲಿ ಹಾಕೇವಿ. ಒಳಮನ್ಯಾಗ ಕುಂತು ಉಣ್ಣು.”

“ಇಲ್ರಿ ಅವ್ವಾರ. ಅಣ್ಣ ಸ್ಟ್ಯಾಂಡಿನ್ಯಾಗ ನಿಂತಾನ.”

“ಒಂದ ಗಳಿಗಿ ಬಾ.”

“ಇಲ್ಲೇ ಚೊಲೋ ಐತ್ರಿ. ಗಾಳಿ ಬರ್ತೈತಿ.”

ಹುಡುಗಿ ಒಳಗಿನ ಸಡಗರ ನೋಡಲು ದಿಡ್ಡಿಯೊಳಗೆ ಒಂದು ಕಾಲು ಇಟ್ಟಿದ್ದಳು. ತಾಯಿ ಸುಮ್ಮನೆ ಅವಳ ತೋಳು ಹಿಡಿದು ಹೊರಗೆ ಎಳೆದುಕೊಂಡಳು. ಹೊರಗಿನ ಕಟ್ಟೆಯ ಮೇಲೆ ಕೂತು ನೀರು ಕುಡಿದರು. ಅವ್ವ ತಂದುಕೊಟ್ಟ ಕಡಬನ್ನು ಹುಡುಗಿ ತಿಂದಳು. ಏಳುವಾಗ ತಾಯಿ ಗಂಟು ಬಿಚ್ಚಿ ಮೇಲಿನ ಎರಡು ರೊಟ್ಟಿ ಮಾತ್ರ ತೆಗೆದುಕೊಂಡಳು.

“ಎಲ್ಲಾ ಒಯ್ಯಿ ತಂಗಿ,” ಅಂದಳು ಆಯಿ. ಆಕೆ ಯಾರನ್ನೂ ಅಷ್ಟು ಅಂಗಲಾಚಿ ಕೇಳಿದ್ದನ್ನು ನಾನು ನೋಡಿರಲಿಲ್ಲ.

“ಮೋಟರಿನ್ಯಾಗ ಮುರದ ಹೋಗ್ತಾವ್ರಿ. ಇಷ್ಟ ಸಾಕು.” ಬಾಗಿ ಆಯಿಯ ಕಾಲು ಮುಟ್ಟಿದಳು. ಓಣಿಯ ತಿರುವಿನ ತನಕ ಹುಡುಗಿ ತಿರುತಿರುಗಿ ನೋಡುತ್ತ ಹೋದಳು. ತಾಯಿ ನೋಡಲಿಲ್ಲ.

ಉಂಡೆವು. ಕಡಬು ತಣ್ಣಗಾಗಿದ್ದವು. ಮುತ್ಯಾ ಅಂಗಡಿಯಿಂದ ಬಂದವನಿಗೆ ಅಪ್ಪ ಮೆಲ್ಲಗೆ ಎಲ್ಲ ಹೇಳಿದ. ಮುತ್ಯಾ ಅರ್ಧ ಊಟಕ್ಕೆ ಕೈ ತೊಳೆದು ಮತ್ತೆ ಅಂಗಡಿಗೆ ನಡೆದ.

ಹೊತ್ತು ಇಳಿಯುವಾಗ ಆಯಿ ಕಾಣಲಿಲ್ಲ. ಹಿತ್ತಲ ಬಾಗಿಲು ತೆರೆದಿತ್ತು. ಹೋಗಿ ನೋಡಿದರೆ ಗೋಡೆಯಾಚೆಯ ಬಾವಿಯ ಪಾವಟಿಗೆಯ ಮೇಲೆ, ಹೊರಗಿನವರಿಗೆ ಕಾಣದಷ್ಟು ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದಳು. ಶ್ರಾವಣದ ನೀರು ಅವಳ ಪಾದದ ಹತ್ತಿರ ಇತ್ತು.

“ಆಯಿ, ಜಾರತೈತಿ. ಏಳು.”

“ನೀ ಹೋಗಿ ಜೋಕಾಲಿ ಆಡು,” ಅಂದಳು.

ಆ ವರ್ಷವೂ ಮೊಮ್ಮಕ್ಕಳಿಗಾಗಿ ಅಂಗಳದ ತೊಲೆಗೆ ಹಗ್ಗ ಕಟ್ಟಿದ್ದರು. ಯಾಕೆ ಅಂತ ಕೇಳಲು ನನಗೆ ಆಗಲಿಲ್ಲ. ಹೋಗಿ, ಮಕ್ಕಳನ್ನು ಇಳಿಸಿ, ಹೊಸ ಸೀರೆ ಸುತ್ತಿಕೊಂಡು ಒಬ್ಬಳೇ ಜೀಕಿದೆ. ಹಗ್ಗ ತೊಲೆಗೆ ಉಜ್ಜಿ ಕಿರಗುಟ್ಟಿತು. ಸಣ್ಣವರು ಅಕ್ಕಾ ಅಕ್ಕಾ ಅಂತ ಚಪ್ಪಾಳೆ ತಟ್ಟಿ ನಕ್ಕರು. ಸಾಕು ಅನ್ನಿಸುವ ತನಕ ಜೀಕಿ ಇಳಿದು ಬಾವಿಗೆ ಹೋದೆ.

“ಕೇಳಿಸ್ತೇನಾಯಿ?”

“ಎಲ್ಲಾ ಕೇಳಸ್ತೈತಿ.”

ಅವಳ ಪಕ್ಕ ಕುಳಿತೆ. ಕಲ್ಲು ತಣ್ಣಗಿತ್ತು.

“ಪಂಚಮಿ ದಿನ ಹಂಚ ಇಡೂದಿಲ್ಲಂತ ಆಕಿಗಿ ಗೊತ್ತಿತ್ತು,” ಅಂದಳು ಆಯಿ. “ಬಾಯಿ ಬಿಟ್ಟು ಗೊತ್ತೈತ್ರಿ ಅಂದ್ಲು. ಗೊತ್ತಿದ್ದೂ ರೊಟ್ಟಿ ಕೇಳಾಕ ಬಂದಾಳಂದ್ರ ಆಕಿ ಯಾಕ ಬಂದಾಳ ಅನ್ನೂದು ನನಗ ಅವತ್ತಽ ತಿಳದಿತ್ತು. ದಿಡ್ಡಿ ಹತ್ರ ನಿಂತಾಗಽ ತಿಳದಿತ್ತು.”

ನನಗೆ ಕೇಳದೆ ಇರಲಾಗಲಿಲ್ಲ. “ಮತ್ತ ಇಷ್ಟ ವರ್ಷ ರೊಟ್ಟಿ ಯಾಕ ಮಾಡೀದಿ ಆಯಿ?”

“ರೊಟ್ಟಿ ಮಾಡಾಕ ಬರ್ತಿತ್ತು ನನಗ,” ಅಂದಳು.

ಸ್ವಲ್ಪ ಹೊತ್ತಿಗೆ ಕೈ ಚಾಚಿದಳು. ಹಿಡಿದು ಎಬ್ಬಿಸಿ, ಒಂದೊಂದೇ ಮೆಟ್ಟಿಲು ಹತ್ತಿಸಿ, ಒಳಗೆ ಕರೆದುಕೊಂಡು ಹೋದೆ.